ಹತ್ತು ಸೆಕೆಂಡಿನ ತೀರ್ಪು

ನೀಲಮ್ಮ ಪಾಟೀಲ ಮೇಡಂ ಜಗಳಕ್ಕೆ ನಿಂತರೆ ಮೊದಲು ಚಪ್ಪಲಿ ಬಿಚ್ಚಿ ಬಾಗಿಲ ಹೊರಗಿಡುತ್ತಿದ್ದರು. ಹೈದರಾಬಾದಿನ ಹಿಮಾಯತ್‌ನಗರದ ನಮ್ಮ ಕಾಲೇಜಿನಲ್ಲಿ ಯಾವ ಕೋಣೆಯೆದುರು ಆ ಚಪ್ಪಲಿ ಕಂಡರೂ, ಒಳಗೆ ಯಾರಿಗೋ ಗ್ರಹಚಾರ ಬಿಡಿಸುತ್ತಿದ್ದಾರೆಂದು ನಾವು ಸದ್ದಿಲ್ಲದೆ ದಾಟುತ್ತಿದ್ದೆವು. ತರಗತಿಯಲ್ಲಿ ಇಂಗ್ಲಿಷು, ಪ್ಯೂನನ ಜೊತೆ ತೆಲುಗು. ನನ್ನೊಡನೆ ಮಾತ್ರ ಬಾಗಲಕೋಟೆಯ ಕನ್ನಡ.

ಲೆಕ್ಕವನ್ನು ಕಂಪ್ಯೂಟರ್ ಹೇಗೆ ಬಿಡಿಸುತ್ತದೆಂದು ತೋರಿಸಲು ಅವರೇ ಕೂತು ಒಂದು ಸಾಫ್ಟ್‌ವೇರ್ ಬರೆದಿದ್ದರು. ಸೊನ್ನೆಯಿಂದ ಶುರುಮಾಡು, ಒಂದು ಕೂಡಿಸು, ಬೇಕಾದದ್ದು ಸಿಗುವವರೆಗೆ ಅದನ್ನೇ ಮತ್ತೆ ಮಾಡು. ಇಷ್ಟರಿಂದಲೇ ನಾವು ಬೇಕಾದ ಲೆಕ್ಕ ಕಟ್ಟಿ, ಅದು ಹೆಜ್ಜೆ ಹೆಜ್ಜೆಯಾಗಿ ನಡೆಯುವುದನ್ನು ಪರದೆಯ ಮೇಲೆ ನೋಡುತ್ತಿದ್ದೆವು. ಕೆಲವು ಬೇಗ ಮುಗಿಯುತ್ತಿದ್ದವು, ಕೆಲವು ನಡೆಯುತ್ತಲೇ ಇರುತ್ತಿದ್ದವು. "ಇನ್ನೂ ಉತ್ತರ ಬಂದಿಲ್ಲ ಅನ್ನು. ಬರೂದೇ ಇಲ್ಲ ಅನ್ನಾಕ ನೀ ಯಾರು? ಸಾಧಿಸಿ ತೋರಿಸು, ಆಮ್ಯಾಲ ಅನ್ನು" ಎನ್ನುತ್ತಿದ್ದರು.

ಇನ್‌ಸ್ಪೆಕ್ಷನ್ ದಿನ ಅಂಥದೊಂದು ಲೆಕ್ಕ ನಿಲ್ಲಲೇ ಇಲ್ಲ. ಬಂದವರು ಕಂಪ್ಯೂಟರ್ ಕೆಟ್ಟಿದೆಯೆಂದು ನಕ್ಕರು. ವಿಭಾಗದ ಮುಖ್ಯಸ್ಥರಿಗೆ ಅವಮಾನವಾಯಿತಂತೆ. ಮೇಡಂ ಅವರನ್ನು ಒಂದು ಮಾತು ಕೇಳದೆ, ಹತ್ತು ಸೆಕೆಂಡಿನಲ್ಲಿ ಮುಗಿಯದ ಲೆಕ್ಕಕ್ಕೆಲ್ಲ "ಉತ್ತರ ಇಲ್ಲ" ಎಂದು ತೋರಿಸುವಂತೆ ಅದನ್ನು ತಿದ್ದಿಸಿದರು. ಲ್ಯಾಬ್ ಪರೀಕ್ಷೆಯಲ್ಲಿ ಪರದೆ ಹೇಳಿದ್ದನ್ನು ಬರೆದವರಿಗೆ ಅಂಕ ಕೊಟ್ಟರು. "ಈಗಲೇ ಹೇಳಲಾಗದು" ಎಂದು ಬರೆದ ನನಗೆ ಸೊನ್ನೆ.

ಮೇಡಂ ನನ್ನನ್ನೂ ಕರೆದುಕೊಂಡು ಮುಖ್ಯಸ್ಥರ ಕೋಣೆಗೆ ನುಗ್ಗಿದರು. ಅವರೂ ನಮ್ಮ ಕಡೆಯವರೇ, ರಾಯಚೂರಿನವರು. ಅಲ್ಲಿದ್ದ ಕಂಪ್ಯೂಟರಿಗೆ ತಮ್ಮ ಹಳೆಯ ಪ್ರತಿ ಹಾಕಿ, ಪರೀಕ್ಷೆಯ ಅದೇ ಲೆಕ್ಕ ಕೊಟ್ಟು ಮೇಡಂ ಗಟ್ಟಿಯಾಗಿ ಕೂತರು. ಊಟದ ಹೊತ್ತಿಗೆ ಉತ್ತರ ಬಂತು.

"ನೋಡ್ರಿ ಸರ್, ಬಂತು. ಈ ಹುಡುಗಿ ಬರದದ್ದು ಖರೆ ಐತಿ."

"ಇರಲಿ ಬಿಡ್ರಿ ಮೇಡಂ. ಅಷ್ಟೊತ್ತು ಕುಂಡ್ರಾಕ ಯಾರಿಗೈತಿ ಪುರಸೊತ್ತು?" ಎಂದರು ಮುಖ್ಯಸ್ಥರು.

"ಪುರಸೊತ್ತಿಲ್ಲಂದ್ರ ಪುರಸೊತ್ತಿಲ್ಲ ಅಂತ ತೋರಸ್ರಿ. ಸುಳ್ಳ ಯಾಕ ತೋರಸ್ತೀರಿ?"

ಅಂಕ ಸಿಗಲಿಲ್ಲ, ಹಾಳಾಗಿ ಹೋಗಲಿ. ಮುಂದಿನ ವರ್ಷ ಮೇಡಂ ಅವರನ್ನೇ ಕೈಬಿಟ್ಟರಲ್ಲ, ಅದಕ್ಕೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಹಂಗಾಮಿ ನೌಕರಿ, ಬಾಯಿ ಜಾಸ್ತಿ. ಅಷ್ಟು ಸಾಕಾಯಿತು ಅವರಿಗೆ.

ಮಲ್ಕಾಜ್‌ಗಿರಿಯ ತಮ್ಮ ಮನೆಯಲ್ಲಿ ಮೇಡಂ ತೀರಿಕೊಂಡಾಗ, ನಾಚಿಕೆಯಿಲ್ಲದೆ ಕಾಲೇಜು ಸಂತಾಪಸಭೆ ಕರೆಯಿತು. ಅದೇ ಮುಖ್ಯಸ್ಥರು ಕಣ್ಣೊರೆಸಿಕೊಳ್ಳುತ್ತ, "ಇದು ನೀಲಮ್ಮ ಮೇಡಂ ನಮಗೆ ಬಿಟ್ಟುಹೋದ ಆಸ್ತಿ" ಎಂದು ಆ ಸಾಫ್ಟ್‌ವೇರನ್ನು ಗೋಡೆಯ ಮೇಲೆ ತೋರಿಸಿ, ಒಂದು ಲೆಕ್ಕ ಕೊಟ್ಟರು. ಹತ್ತು ಸೆಕೆಂಡು ಕಳೆಯಿತು. "ಉತ್ತರ ಇಲ್ಲ" ಎಂದು ಬಂತು. ಸಭೆ ಚಪ್ಪಾಳೆ ತಟ್ಟಿತು.

ನಾನು ಎದ್ದು ನಿಂತೆ.

"ಇದರ ಮ್ಯಾಲಿಂದ ಮೇಡಂ ಹೆಸರು ತಗೀರಿ ಸರ್," ಎಂದೆ. "ಇದು ಅವರದಲ್ಲ, ನಿಮ್ಮದು."