ಅಜ್ಜಿ ಸೀಗೆಕಾಯಿ ಹಾಕಿ ತೊಳೆದ ಹಾಡು

ಮೊಬೈಲು ಇನ್ನೂ ಅಪ್ಪಂದಿರ ಅಂಗಿ ಜೇಬಿನಲ್ಲಷ್ಟೇ ಇದ್ದ ಕಾಲ ಅದು. ಯಾರಾದರೂ ಬೇಕಾದರೆ ಕೂಗಿ ಕರೆಯುತ್ತಿದ್ದೆವು. ನಮ್ಮ ಮನೆಯಲ್ಲಿ ಕೂಗುವ ಕೆಲಸ ಪೂರ್ತಿ ಅಜ್ಜಿಯದು. ಓಗೊಡುವ ಕೆಲಸ ಅವ್ವನದು ಮತ್ತು ನನ್ನದು. ಎರಡು ಸಲ ಕೂಗಿಸಿಕೊಂಡವಳು ಸೋಮಾರಿ, ಮೂರು ಸಲ ಕೂಗಿಸಿಕೊಂಡವಳು ಕೊಬ್ಬಿದವಳು. ಎಂಟನೇ ಕ್ಲಾಸು ಮುಗಿಸಿದ ಬೇಸಿಗೆ ರಜೆಯಲ್ಲಿ ನಾನು ಕೊಬ್ಬಿದವಳಾದೆ. ಅದಕ್ಕೆ ಆಗಲೂ ತಪ್ಪಾಯಿತು ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ.

ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ ಇತ್ತು. ಮುಂದಿನ ಕೋಣೆಯಲ್ಲಿ ಊಟದವರು, ನಡುವೆ ಅಡುಗೆಮನೆ, ಅದರ ಹಿಂದೆ ನಾವು. ಅಪ್ಪ ಬಾಗಿಲ ಬಳಿಯ ದುಡ್ಡಿನ ಗಲ್ಲೆಯ ಮೇಲೆ ಕೂರುತ್ತಿದ್ದ. ಅಜ್ಜಿ ಊಟದ ಕೋಣೆಯಲ್ಲೇ ಒಂದು ಸ್ಟೂಲು ಹಾಕಿಕೊಂಡು ಯಾರ ತಟ್ಟೆಯಲ್ಲಿ ಏನಿಲ್ಲ ಅಂತ ನೋಡುತ್ತಿದ್ದಳು. ಅವ್ವ ಬೆಳಗಿನ ಹತ್ತಕ್ಕೆ ಒಲೆ ಮುಂದೆ ಕೂತರೆ ಮೂರರ ತನಕ ರೊಟ್ಟಿ ಬಡಿಯುತ್ತಿದ್ದಳು. ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಸುಟ್ಟ ಜೋಳದ ಹಿಟ್ಟು, ಇವು ಮೂರರ ವಾಸನೆ ನನ್ನ ಸ್ಕೂಲ್ ಬ್ಯಾಗಿಗೂ ಹತ್ತಿತ್ತು. ಕ್ಲಾಸಿನ ಹುಡುಗಿಯರು ನನ್ನ ಪುಸ್ತಕ ಮೂಸಿ ಇವತ್ತು ನಿಮ್ಮನೇಲಿ ಯಾವ ಪಲ್ಯ ಅಂತ ಹೇಳುತ್ತಿದ್ದರು.

ರಜೆ ಬಂತೆಂದರೆ ನಾನು ನೀರು ಕೊಡುವವಳು, ತಟ್ಟೆ ಎತ್ತುವವಳು. ಚೌಕಾಬಾರದ ಮನೆ ಗೀಚಿ ಇನ್ನೇನು ಕವಡೆ ಹಾಕಬೇಕು, ಅಷ್ಟರಲ್ಲಿ "ಗಿರಿಜೀ..." ಅಂತ ಬರುತ್ತಿತ್ತು. ಕಕ್ಕಸಿನಲ್ಲಿದ್ದರೂ ಬರುತ್ತಿತ್ತು. ಅವ್ವನನ್ನಂತೂ ಕೇಳಬೇಡಿ. "ಸರೋಜಾ, ರೊಟ್ಟಿ! ಸರೋಜಾ, ಸಾರು! ಸರೋಜಾ, ತ್ಯಾವಣಿಗೆ ಸೌಕಾರ್ರು ಬಂದಾರೆ, ಮೊಸರು!" ನನ್ನ ಅವ್ವನ ಹೆಸರಿನ ಹಿಂದೆ ಯಾವಾಗಲೂ ಒಂದು ತಿನ್ನುವ ಪದಾರ್ಥ ಇರುತ್ತಿತ್ತು.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ದಿನಕ್ಕೆ ಒಂದೇ ಒಂದು ಗಂಟೆ ಯಾರೂ ನನ್ನನ್ನು ಕರೆಯಬಾರದು, ಕರೆದರೂ ನನಗೆ ಕೇಳಿಸಬಾರದು, ಅಷ್ಟೇ.

ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಬಾಷಣ್ಣನ ರಿಪೇರಿ ಅಂಗಡಿ ಇತ್ತು. ರೇಡಿಯೋ, ಇಸ್ತ್ರಿಪೆಟ್ಟಿಗೆ, ಮೊಬೈಲು ಎಲ್ಲಾ ಬಿಚ್ಚಿಕೊಂಡು ಕೂತಿರುತ್ತಿದ್ದ. ಅವನ ಗಾಜಿನ ಪೆಟ್ಟಿಗೆಯಲ್ಲಿ ಒಂದು ಎಂಪಿತ್ರೀ ಪ್ಲೇಯರ್ ಬಂದು ಕೂತಿತ್ತು. ಬೆಂಕಿಪೊಟ್ಟಣದಷ್ಟು ಉದ್ದ, ನೀಲಿ ಬಣ್ಣ, ಒಂದು ಮೂಲೆ ಸವೆದು ಬೆಳ್ಳಗಾಗಿತ್ತು. ದಿನಾ ಅವನಿಗೆ ಊಟದ ಡಬ್ಬಿ ಕೊಡಲು ಹೋದಾಗ ಅದನ್ನೇ ನೋಡಿಕೊಂಡು ನಿಲ್ಲುತ್ತಿದ್ದೆ.

ಆ ಬೇಸಿಗೆ ಚನ್ನಗಿರಿಯಿಂದ ಸೋದರಮಾವ ಬಂದವನು, ಲಂಗದ ಬಟ್ಟೆ ತಗೋ ಅಂತ ನನ್ನ ಕೈಗೆ ನೋಟು ಇಟ್ಟ. ಅವನ ಬಸ್ಸು ತಿರುವು ದಾಟುವುದನ್ನೇ ಕಾದು ನಿಂತಿದ್ದೆ. ನೆಟ್ಟಗೆ ಬಾಷಣ್ಣನ ಅಂಗಡಿಗೆ ಹೋದೆ.

"ಇದು ಯಾರೋ ಉಪಯೋಗಿಸಿದ್ದಲ್ವಾ ಅಣ್ಣ?" ಅಂತ ಕೇಳಿದೆ. ಬೇಡ ಅನ್ನಲು ಅಲ್ಲ. ವ್ಯಾಪಾರದಲ್ಲಿ ಹಾಗೆ ಕೇಳಬೇಕು ಅಂತ ಅಜ್ಜಿಯನ್ನು ನೋಡಿ ಕಲಿತಿದ್ದೆ.

"ಸೆಕೆಂಡ್ ಹ್ಯಾಂಡ್ ಅನ್ನಬೇಡಮ್ಮ, ರೀಕಂಡೀಷನ್ ಅನ್ನು. ಪೂರ್ತಿ ಬಿಚ್ಚಿ, ಹೊಸ ಬ್ಯಾಟರಿ ಹಾಕಿ, ನಾನೇ ಕೂಡ್ಸೀನಿ. ಮೂರು ತಿಂಗಳು ಗ್ಯಾರಂಟಿ. ಮೊದಲಿನವರ ಹಾಡು ಒಳಗೆ ಹಂಗೇ ಐತೆ, ಅಳಿಸ್ಲಾ?"

"ಬ್ಯಾಡ, ಇರ್ಲಿ."

"ನಿಮ್ಮ ಅಜ್ಜಿಗೆ ಹೇಳಿ ಬಂದಿದ್ದೀಯ?"

"ದುಡ್ಡು ನಂದು," ಅಂದೆ. ಬಾಷಣ್ಣ ನಕ್ಕು, ಪ್ಲೇಯರನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ ಕೊಟ್ಟ.

ಆ ಸಂಜೆ ಹಿತ್ತಲ ಕಟ್ಟೆಯ ಮೇಲೆ ಕೂತು ಎರಡೂ ಕಿವಿಗೆ ಸಿಕ್ಕಿಸಿಕೊಂಡೆ. ಹೊಳೆ ಕಡೆಯ ಗಾಳಿ, ಬಸ್ಸಿನ ಹಾರನ್ನು, ಪಾತ್ರೆ ಸದ್ದು, ಅಜ್ಜಿ, ಎಲ್ಲಾ ಒಮ್ಮೆಗೇ ನಿಂತುಹೋಯಿತು. ಯಾರದೋ ಊರಿನ ಯಾರೋ ಇಷ್ಟಪಟ್ಟು ತುಂಬಿಸಿಕೊಂಡ ಹಾಡುಗಳು ನನ್ನ ತಲೆಯೊಳಗೆ ನಡೆದಾಡತೊಡಗಿದವು. ಅರ್ಧ ಗಂಟೆ ನಾನು ಎಲ್ಲೂ ಇರಲಿಲ್ಲ. ಅಷ್ಟು ಸುಖ ಆಮೇಲೆ ನನಗೆ ಮದುವೆ ದಿನವೂ ಆಗಲಿಲ್ಲ, ನಿಜ ಹೇಳುತ್ತೇನೆ.

ಕಣ್ಣು ಬಿಟ್ಟಾಗ ಎದುರಿಗೆ ಅಜ್ಜಿ ನಿಂತಿದ್ದಳು. ಎಷ್ಟು ಸಲ ಕೂಗಿದ್ದಳೋ ಗೊತ್ತಿಲ್ಲ. ಮೂರಕ್ಕಿಂತ ಹೆಚ್ಚೇ ಅಂತ ಮುಖ ಹೇಳುತ್ತಿತ್ತು.

"ಏನೇ ಇದು? ಯಾರು ಕೊಟ್ಟಿದ್ದು?"

ಎಲ್ಲಾ ಹೇಳಿದೆ, ಲಂಗದ ವಿಷಯ ಸಮೇತ. ಲಂಗಕ್ಕೆ ಅವಳು ಅಷ್ಟು ಸಿಟ್ಟಾಗಲಿಲ್ಲ. ರೀಕಂಡೀಷನ್ ಅಂದದ್ದಕ್ಕೆ ಹೌಹಾರಿದಳು. "ಅಯ್ಯೋ ಶಿವನೇ, ಯಾರ ಕಿವಿ ಗುಗ್ಗೆ ಐತೋ ಇದರಾಗೆ! ತೆಗಿಯೇ ಮೊದ್ಲು!"

ಅಜ್ಜಿಯ ಶಾಸ್ತ್ರ ಇಲ್ಲಿ ಹೇಳಬೇಕು. ನಮ್ಮ ಖಾನಾವಳಿಯ ಅರ್ಧ ಪಾತ್ರೆ, ಬೆಂಚು ಎಲ್ಲಾ ಮುಚ್ಚಿಹೋದ ಬೇರೆ ಖಾನಾವಳಿಗಳಿಂದ ಬಂದವು. ಮಂದಿ ಬಳಸಿದ ಯಾವ ವಸ್ತು ಹೊಸಿಲು ದಾಟಿದರೂ ಅಜ್ಜಿ ಅದನ್ನು ಬಿಸಿನೀರಲ್ಲಿ ತೊಳೆದು, ಬಿಸಿಲಿಗಿಟ್ಟು, ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದಳು. ಆಮೇಲೆ ಅದು ನಮ್ಮದು. ತೊಳೆಯದೆ ಬಳಸಿದರೆ ಅದು ಹಳೇ ಯಜಮಾನನ ಮಾತೇ ಕೇಳುತ್ತದಂತೆ.

ಮರುದಿನ ನಾನು ನೀರು ಸೇದಿಕೊಂಡು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಇಯರ್‌ಫೋನನ್ನು ಸೀಗೆಕಾಯಿ ಪುಡಿ ಹಾಕಿ ತಿಕ್ಕಿ, ಬಿಸಿನೀರಲ್ಲಿ ಅದ್ದಿ, ಬಟ್ಟೆ ಹಗ್ಗಕ್ಕೆ ನೇತುಹಾಕಿದ್ದಳು. ಪ್ಲೇಯರನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ಮೈತುಂಬಾ ವಿಭೂತಿ ಎಳೆದಿದ್ದಳು. ನೀರಲ್ಲಿ ಕಲಸಿದ ದಪ್ಪ ವಿಭೂತಿ, ಮೂರನೇ ಗೀಟು ಸರಿಯಾಗಿ ಪಿನ್ನು ಚುಚ್ಚುವ ತೂತಿನ ಮೇಲೆ.

"ಈಗ ಹಾಕ್ಕೋ," ಅಂದಳು ಅಜ್ಜಿ. ದೊಡ್ಡ ಮನಸ್ಸು ಮಾಡಿದವಳಂತೆ ಅಂದಳು.

ನಾನು ಅಳುತ್ತಾ ಪಿನ್ನು ಹಾಕಿದೆ. ಎಡಗಿವಿಯಲ್ಲಿ ಹಾಡು ಬಂತು, ಬಲಗಿವಿಯಲ್ಲಿ ಇಲ್ಲ. ಬಾಷಣ್ಣನ ಹತ್ತಿರ ಓಡಿದೆ. ಅವನು ಬೇರೆ ಇಯರ್‌ಫೋನ್ ಹಾಕಿ ನೋಡಿದ, ಆಗಲೂ ಎಡಗಡೆ ಮಾತ್ರ. ಪ್ಲೇಯರನ್ನು ಬೆಳಕಿಗೆ ಹಿಡಿದು, "ಏನಮ್ಮ, ಇದರ ಒಳಗೆ ಸುಣ್ಣ ಹಾಕೀರಾ?" ಅಂದ. ಅಜ್ಜಿ ವಿಭೂತಿ ಹಚ್ಚಿದಳು ಅಂದೆ. ಅವನು ಪ್ಲೇಯರನ್ನು ಮೆಲ್ಲಗೆ ನನ್ನ ಕೈಗೇ ವಾಪಸ್ ಇಟ್ಟ. "ವಿಭೂತಿಗೆ ಗ್ಯಾರಂಟಿ ಕೊಡಾಕೆ ಬರಲ್ಲ ತಾಯಿ. ಕೆರೆಯಾಕೆ ಹೋದ್ರೆ ಇರೋ ಒಂದು ಕಿವೀನೂ ಹೋಗ್ತೈತೆ."

ಸುದ್ದಿ ಕೇಳಿ ಅಜ್ಜಿಗೆ ಬೇಜಾರೇನೂ ಆಗಲಿಲ್ಲ. "ಒಳ್ಳೇದೇ ಆತು. ಒಂದು ಕಿವಿ ನಿನಗೆ, ಇನ್ನೊಂದು ಕಿವಿ ನನಗೆ. ಕೂಗಿದ್ರೆ ಕೇಳ್ತೈತೆ."

ಅವಳ ಪಾಲಿನ ಆ ಕಿವಿಯನ್ನು ಬಿಟ್ಟುಕೊಡುವ ಹೆಣ್ಣು ನಾನಾಗಿರಲಿಲ್ಲ. ದೇವರ ಮೂಲೆಯಲ್ಲಿ ಅಜ್ಜಿ ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿಯಿಂದ ಒಂದು ಉಂಡೆ ಕಿತ್ತು ಬಲಗಿವಿಗೆ ತುರುಕಿಕೊಂಡೆ. ಎಡಕ್ಕೆ ಹಾಡು, ಬಲಕ್ಕೆ ಹತ್ತಿ. ನಾಲ್ಕು ದಿನ ನಡೆಯಿತು. ಐದನೇ ದಿನ ದೀಪ ಹಚ್ಚಲು ಹತ್ತಿ ಸಾಲದೆ ಹುಡುಕಿಕೊಂಡು ಬಂದ ಅಜ್ಜಿಗೆ ಅದು ನನ್ನ ಕಿವಿಯಲ್ಲಿ ಸಿಕ್ಕಿತು.

"ದೇವರ ಹತ್ತಿನ ಕಿವಿಗೆ ಇಟ್ಕಂತೀಯೇನೇ! ಕರೆದ್ರೆ ಬರಬಾರದು ಅಂತನಾ?"

"ಹೌದು, ಬರಬಾರದು ಅಂತಾನೆ!" ಅಂದೆ. ನನ್ನ ಗಂಟಲು ನನಗೇ ಹೊಸದಾಗಿ ಕೇಳಿಸಿತು. "ಕಿವಿ ನಂದು. ಒಂದು ಗಂಟೆ ಯಾರೂ ಕರೀಬ್ಯಾಡ್ರಿ ನನ್ನ!"

ಅಜ್ಜಿ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಒಲೆ ಮುಂದಿದ್ದ ಅವ್ವನ ಕಡೆ ತಿರುಗಿ, "ನೋಡು ಸರೋಜಾ, ನಿನ್ನ ಮಗಳ ಬಾಯಿ. ನಾಳೆ ಮಧ್ಯಾಹ್ನದೊಳಗೆ ಆ ಡಬ್ಬಿನ ಹೊಳೆಗೆ ಹಾಕಿ ಬರ್ತೀನಿ. ಹೆಣ್ಣುಮಕ್ಳು ಕಿವಿ ಮುಚ್ಕೊಂಡ್ರೆ ಈ ಮನೆ ನಡೆಯಲ್ಲ," ಅಂದಳು. ಅಜ್ಜಿ ಹೇಳಿದ್ದನ್ನು ಮಾಡುವವಳು. ಗಲ್ಲೆ ಮೇಲಿನ ಅಪ್ಪ ಚಿಲ್ಲರೆ ಜೋಡಿಸುತ್ತಾ ಕೂತಿದ್ದ. ಅವ್ವ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು, ಅಷ್ಟೇ. ಅವಳ ಮೇಲೆ ನನಗೆ ಅಜ್ಜಿಯ ಮೇಲಿಗಿಂತ ಹೆಚ್ಚು ಸಿಟ್ಟು ಬಂತು.

ಮರುದಿನ ಸಂತೆ. ಹನ್ನೆರಡೂವರೆಗೇ ಊಟದ ಕೋಣೆ ತುಂಬಿತ್ತು. ಹೊಳೆಗೆ ಹೋಗುವ ಡಬ್ಬಿಯನ್ನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಒಲೆ ಪಕ್ಕ ಮುಖ ಊದಿಸಿ ಕೂತಿದ್ದೆ. ಅವ್ವ ಹಿಟ್ಟು ನಾದುತ್ತಾ ಕೇಳಿದಳು: "ಅದ್ರಾಗೆ ಏನು ಬರ್ತೈತೆ?"

"ಹಾಡು."

"ನನಗೊಂದೀಟು ಇಡು."

ಅವಳ ಎರಡೂ ಕೈ ಹಿಟ್ಟಾಗಿದ್ದವು. ನಾನೇ ಸೆರಗು ಸರಿಸಿ ಕಿವಿಗೆ ಇಟ್ಟೆ. ಒಂದು ಹಾಡು ಹಾಕಿದೆ, ತಲೆ ಅಲ್ಲಾಡಿಸಿದಳು. ಇನ್ನೊಂದು ಹಾಕಿದೆ, ಅದೂ ಬೇಡ ಅಂದಳು.

"ಮಾತಿಲ್ಲದ್ದು ಯಾವುದಾರ ಐತೇನು? ಬೆಳಗ್ಗಿಂದ ಮಾತೇ ಕೇಳೀನಿ."

ಮೊದಲಿನ ಯಜಮಾನರು ಬಿಟ್ಟುಹೋದದ್ದರಲ್ಲಿ ಅಂಥದ್ದು ಒಂದೇ ಇತ್ತು. ಬರೀ ಕೊಳಲು, ಹಿಂದೆ ಮೆಲ್ಲಗೆ ಏನೋ ತಾಳ. ಹೆಸರಿನ ಜಾಗದಲ್ಲಿ ಬರೀ ಒಂದು ನಂಬರು. ನಾನು ಅದನ್ನು ಯಾವಾಗಲೂ ಹಾರಿಸಿಬಿಡುತ್ತಿದ್ದೆ. ಹಾಕಿದೆ. ಅವ್ವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅದೇ ತಾಳಕ್ಕೆ ರೊಟ್ಟಿ ಬಡಿಯತೊಡಗಿದಳು.

"ಸರೋಜಾ, ರೊಟ್ಟಿ!"

ಅವ್ವ ಬಡಿಯುತ್ತಲೇ ಇದ್ದಳು. ಅವಳ ಇನ್ನೊಂದು ಕಿವಿಯಲ್ಲಿ ಹತ್ತಿ ಇರಲಿಲ್ಲ. ಕೇಳಿಸಿತ್ತು, ನನಗೆ ಚೆನ್ನಾಗಿ ಗೊತ್ತು.

"ಸರೋಜಾ!" ಎರಡನೆಯದು. ನಾನು ಏಳಲು ಹೋದರೆ ಅವ್ವ ಮೊಣಕಾಲಿಂದ ನನ್ನನ್ನು ಒತ್ತಿ ಕೂರಿಸಿದಳು. ಮೂರನೆಯ ಕೂಗಿಗೆ ಊಟದ ಕೋಣೆಯ ಮಾತೆಲ್ಲಾ ನಿಂತಿತು. ಅಜ್ಜಿ ಅಡುಗೆಮನೆ ಬಾಗಿಲಿಗೆ ಬಂದಳು. ಸೊಸೆಯ ಕಿವಿಯಿಂದ ಇಳಿದ ವೈರನ್ನು ನೋಡಿದಳು.

ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ, ದನಿ ಏರಿಸದೆ ಹೇಳಿದಳು: "ಹಾಡು ಮುಗೀಲಿ ಅತ್ತೆ. ಮುಗಿದ ಮ್ಯಾಲೆ ತರ್ತೀನಿ."

ಹದಿನಾರು ವರ್ಷದಲ್ಲಿ ಅವ್ವ ಅತ್ತೆಗೆ ಹೇಳಿದ ಮೊದಲ ಎದುರುತ್ತರ ಅದು. ಇನ್ನೂ ನಾಲ್ಕು ರೊಟ್ಟಿ ಬೇಯುವಷ್ಟು ಹಾಡು ಬಾಕಿ ಇತ್ತು. ಅಜ್ಜಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, ಬಗ್ಗಿ ರೊಟ್ಟಿ ಬುಟ್ಟಿಯನ್ನು ತಾನೇ ಎತ್ತಿಕೊಂಡು ಹೋದಳು.

"ಏನ್ರಿ ಅಜ್ಜಿ, ಇವತ್ತು ನೀವೇ ಬಡಿಸಾಕೆ ಬಂದ್ರಿ?" ಅಂತ ಯಾರೋ ಕೇಳಿದ್ದು ಕೇಳಿಸಿತು.

"ಯಾಕೆ, ನನ್ನ ಕೈಲಿ ಬಡಿಸಿದ್ರೆ ರೊಟ್ಟಿ ಕಹಿ ಆಗ್ತೈತೇನು? ಸುಮ್ಕೆ ಉಣ್ಣು."

ಮೂರು ದಿನ ಅಜ್ಜಿ ಅವ್ವನ ಜೊತೆ ಮಾತಾಡಲಿಲ್ಲ. ಕಥೆಯಲ್ಲಿ ಬರುವ ಹಾಗೆ ಅವಳು ಬದಲಾಗಲೂ ಇಲ್ಲ, ಕೂಗುವುದನ್ನು ಕೊನೆವರೆಗೂ ಬಿಡಲಿಲ್ಲ. ಆದರೆ ಪ್ಲೇಯರ್ ಹೊಳೆಗೆ ಬೀಳಲಿಲ್ಲ. ಅಡುಗೆಮನೆ ಗೋಡೆಯ ಮೊಳೆಗೆ ನೇತುಬಿತ್ತು. ಕೂಗುವ ಮುಂಚೆ ಅಜ್ಜಿ ಬಾಗಿಲಲ್ಲಿ ಇಣುಕಿ ಮೊದಲು ಅವ್ವನ ಕಿವಿ ನೋಡುತ್ತಿದ್ದಳು. ವೈರು ಕಂಡರೆ ಗೊಣಗಿಕೊಂಡು ಬುಟ್ಟಿ ಎತ್ತುತ್ತಿದ್ದಳು. ನನ್ನ ಪಾಲಿಗೆ ಮಧ್ಯಾಹ್ನ ಮೂರರಿಂದ ನಾಲ್ಕು. ಆ ಒಂದು ಗಂಟೆಯನ್ನು ಆಮೇಲೆ ಯಾರೂ ನನ್ನಿಂದ ಕಸಿಯಲಿಲ್ಲ.

ಈಗ ನ್ಯಾಮತಿಯಲ್ಲಿ ನನ್ನ ಸಂಸಾರ. ಅಜ್ಜಿ ಇಲ್ಲ. ಖಾನಾವಳಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಪ್ಲೇಯರ್ ಏಳೆಂಟು ವರ್ಷ ಒಂದೇ ಕಿವಿಯಲ್ಲಿ ಹಾಡಿ, ಬ್ಯಾಟರಿ ಊದಿಕೊಂಡು ಸತ್ತಿತು. ಅಷ್ಟರಲ್ಲಿ ಬಾಷಣ್ಣ ಅಂಗಡಿ ಮುಚ್ಚಿದ್ದ. ನನ್ನ ಫೋನಿನಲ್ಲಿ ಜಗತ್ತಿನ ಹಾಡೆಲ್ಲಾ ಇವೆಯಂತೆ, ಇರಲಿ. ಹಾಡಿನ ನಡುವೆ ಗಂಡ ಕರೆಯುತ್ತಾನೆ, ಬ್ಯಾಂಕಿನವರು ಕರೆಯುತ್ತಾರೆ, ಮಗಳ ಸ್ಕೂಲಿನ ಗ್ರೂಪು ಟಿಂಗ್ ಅನ್ನುತ್ತದೆ. ಯಾರೂ ಕರೆಯಲಾಗದ ಹಾಗೆ ಹಾಡುವ ವಸ್ತು ಒಂದಿತ್ತು ಅಂದರೆ ನನ್ನ ಮಗಳು ನಂಬುವುದಿಲ್ಲ.

ಆ ಕೊಳಲಿನ ಹಾಡನ್ನು ಹುಡುಕಿದಷ್ಟು ಬೇರೇನನ್ನೂ ನಾನು ಹುಡುಕಿಲ್ಲ. ಹೆಸರಿಲ್ಲದ್ದನ್ನು ಏನೆಂದು ಕೇಳುವುದು? ಗುನುಗಿ ತೋರಿಸಿದರೂ ಫೋನು ಬೇರೆ ಏನನ್ನೋ ತಂದು ಕೊಡುತ್ತದೆ. ಹೋದ ಭಾನುವಾರ ಅವ್ವ ಬಂದಿದ್ದಳು. ರೊಟ್ಟಿ ನಾನು ಮಾಡುತ್ತೇನೆಂದರೂ ಕೇಳದೆ ತಾನೇ ಕೂತಳು. ಹಿಟ್ಟು ತಟ್ಟುತ್ತಾ ತಟ್ಟುತ್ತಾ ಬಾಯಿ ಮುಚ್ಚಿಕೊಂಡೇ ಗುನುಗಿದಳು. ಅದೇ, ಮಾತಿಲ್ಲದ್ದು. ಒಂದೆಡೆಯೂ ತಪ್ಪಲಿಲ್ಲ.

ಅಷ್ಟರಲ್ಲಿ ಕಟ್ಟೆಯ ಮೇಲಿಟ್ಟಿದ್ದ ನನ್ನ ಫೋನು ಹೊಡೆದುಕೊಳ್ಳತೊಡಗಿತು. ನಡುಮನೆಯಿಂದ ಗಂಡ ಕೂಗಿದ: "ಗಿರಿಜಾ, ಫೋನು ನೋಡು! ಗಿರಿಜಾ!" ಅವ್ವನ ಗುನುಗು ಸಣ್ಣಗಾಯಿತು, ಅಳಿಯನ ದನಿಗೆ ಅವಳ ಕೈಯೂ ತಡೆಯಿತು.

ನಾನು ಫೋನನ್ನು ಎತ್ತಿ ಜೋಳದ ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದೆ.

"ಹಾಡು ಮುಗೀಲಿ ಕಣ್ರಿ," ಅಂತ ಒಳಗಿಂದಲೇ ಕೂಗಿ ಹೇಳಿ, ಅವ್ವನ ಪಕ್ಕದಲ್ಲಿ ಕೂತೆ.