ಪೋಕರ್ ಕಟ್ಟಿದ ರಬ್ಬರು

ಪುತ್ತೂರಿನ ಬಾಡಿಗೆ ಕಾರಿನವರಲ್ಲಿ ಪೋಕರನಷ್ಟು ಕೈಗುಣ ಇದ್ದವನು ಇನ್ನೊಬ್ಬನಿರಲಿಲ್ಲ. ಮುಚ್ಚಿದ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ ಎಂದರೆ ಎಲ್ಲರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಐವತ್ತೆಂಟನೆಯ ಇಸವಿಯ ಮಾತು. ಆ ಮುದಿ ಕಾರುಗಳಿಗೆ ಹೊಸ ಲಾಕು ಎಲ್ಲಿಂದ ಬರಬೇಕು? ಪೋಕರ್ ಮೊದಲು ಲಾಕಿನ ನಾಲಗೆಗೆ ಚಿಮಿಣಿ ಎಣ್ಣೆ ಬಿಟ್ಟು ತುಕ್ಕು ತೊಳೆಯುತ್ತಿದ್ದ. ಅದರಿಂದ ಆಗದಿದ್ದರೆ, ನಾಲಗೆ ಕಚ್ಚಿಕೊಳ್ಳುವ ತಗಡಿನ ಹಿಂದೆ ಹಳೆಯ ಚಪ್ಪಲಿಯ ಚರ್ಮ ತುರುಕಿ ತಗಡನ್ನು ಕೂದಲೆಳೆಯಷ್ಟು ಮುಂದಕ್ಕೆ ತರುತ್ತಿದ್ದ. ಅದಕ್ಕೂ ಬಗ್ಗದ ಬಾಗಿಲಿಗೆ ಸೈಕಲ್ ಟ್ಯೂಬಿನ ಪಟ್ಟಿ. ಅದರ ಒಂದು ತುದಿಯನ್ನು ಬಾಗಿಲಿನ ಒಳಹಿಡಿಗೆ ಕಟ್ಟಿ, ಇನ್ನೊಂದನ್ನು ಪಕ್ಕದ ಕಂಬದ ಕೊಕ್ಕೆಗೆ ಎಳೆದು ಸಿಕ್ಕಿಸುತ್ತಿದ್ದ.

ಅವನು ಓಡಿಸುತ್ತಿದ್ದುದು ಪಂಜದ ಚೆನ್ನಕೇಶವ ಗೌಡರ ಕಾರು. ಅದರ ಎಡಬದಿಯ ಹಿಂದಿನ ಬಾಗಿಲಿಗೂ ಅಂಥದೇ ಒಂದು ಪಟ್ಟಿ. ಲಾಕು ಪೂರ್ತಿ ಸವೆದಿತ್ತು. ಬಾಗಿಲೂ ಹಿಂದಕ್ಕೆ ತೆರೆಯುವ ಜಾತಿಯದು, ಗಾಳಿ ಹೊಕ್ಕರೆ ಕಿತ್ತೆಳೆದ ಹಾಗೆ ತೆರೆದುಕೊಳ್ಳುತ್ತಿತ್ತು. ಹತ್ತುವುದೂ ಇಳಿಯುವುದೂ ಬಲಬದಿಯಿಂದಲೇ. ಹತ್ತಿದವರಿಗೆಲ್ಲ ಪೋಕರ್ ಒಂದು ಮಾತು ಹೇಳುತ್ತಿದ್ದ: “ಆ ರಬ್ಬರಿಗೆ ಕೈ ಹಾಕಬೇಡಿ ಮಾರಾಯ್ರೆ. ಬಾಗಿಲು ನಿಂತದ್ದೇ ಅದರಲ್ಲಿ.”

ಮನೆಯಲ್ಲಿ ಮಾತ್ರ ಅವನ ವರಸೆಯೇ ಬೇರೆ. ಮದುವೆಯಾಗಿ ಎಂಟು ವರ್ಷವಾದರೂ ಹೆಂಡತಿ ಪಾತು ಆ ಕಾರಿನಲ್ಲಿ ಕುಳಿತವಳಲ್ಲ. ನೋಡದವಳಿಗೆ ಎಷ್ಟು ಬಣ್ಣ ಹಚ್ಚಿದರೂ ಕೇಳುವವರಾರು? ಬೆರಳು ತಾಗಿಸಿದರೆ ಸಾಕು, ಬಾಗಿಲು ಟಕ್ಕೆಂದು ಮುಚ್ಚಿಕೊಳ್ಳುತ್ತದೆ ಎಂದು ಅವನು ಕೊಚ್ಚಿಕೊಂಡಿದ್ದ. ಪಾಪ, ಅವಳು ಅದನ್ನು ನಂಬಿ ಬಾವಿಕಟ್ಟೆಯಲ್ಲಿ ನೆರೆಯ ಹೆಂಗಸರಿಗೂ ಹೇಳಿದ್ದಳು.

ಕಲ್ಲುಗುಂಡಿಯಲ್ಲಿದ್ದ ಪಾತುವಿನ ತಾಯಿ ಅಲೀಮಮ್ಮ ಹಾಸಿಗೆ ಹಿಡಿದ ಸುದ್ದಿ ಬಂತು. ಕಾರಿನಲ್ಲೇ ಕರೆದುಕೊಂಡು ಹೋಗು ಎಂದರು ಗೌಡರು. ಮನೆಯ ಹೆಂಗಸರು ಕಾರಿನಲ್ಲಿ ಹೋಗುವುದೆಂದರೆ ಕಿಟಕಿಗೆ ಪರದೆ ಬೇಕು. ಪೋಕರ್ ಅವಳದೇ ಹಸಿರು ಬಟ್ಟೆಯನ್ನು ಎರಡೂ ಬದಿಗೆ ಇಳಿಬಿಟ್ಟ. ಪಾತು ಎಡಬಾಗಿಲಿನ ಹತ್ತಿರ ಹೋಗಿ ನಿಂತಾಗ, ಆಚೆ ಬದಿ ನೆರಳುಂಟು ಎಂದು ಸುಳ್ಳು ಹೇಳಿ ಬಲಗಡೆಯಿಂದ ಹತ್ತಿಸಿದ. ಅವಳು ಹತ್ತಿದವಳೇ ಸರಿದು ಸರಿದು ಎಡಕಿಟಕಿಯನ್ನೇ ಹಿಡಿದಳು. ರಬ್ಬರಿನ ಮಾತು ಎರಡು ಸಲ ಅವನ ಬಾಯಿಯವರೆಗೆ ಬಂತು. ಆದರೆ ಅವಳು ಸೀಟನ್ನು ಸವರಿ ಸವರಿ ನೋಡುತ್ತಿದ್ದಳು. ಆ ಮುಖದ ಎದುರು ಸಣ್ಣವನಾಗಲು ಅವನಿಗೆ ಮನಸ್ಸಾಗಲಿಲ್ಲ.

ಸುಳ್ಯದ ಪೇಟೆಯಲ್ಲಿ ಕಾರು ನಿಲ್ಲಿಸಿ, ಅತ್ತೆಗೆ ಕಿತ್ತಳೆ ತರಲು ಪೋಕರ್ ಇಳಿದು ಹೋದ. ಬಿಗಿದ ರಬ್ಬರು ಪರದೆಯ ಅಂಚನ್ನು ಎತ್ತಿ ಹಿಡಿದು ಅಂಗೈಯಗಲ ಸಂದು ಬಿಟ್ಟಿತ್ತು. ಅಂಗಡಿ ಜಗಲಿಯ ಗಂಡಸರಿಬ್ಬರು ಆ ಸಂದಿನಿಂದ ಇಣುಕಿದರು. ಪಾತುವಿಗೆ ನಾಚಿಕೆಯಾಯಿತು. ಕೊಕ್ಕೆಯಿಂದ ರಬ್ಬರನ್ನು ಬಿಡಿಸಿ, ಪರದೆಯನ್ನು ನೀಟಾಗಿ ಇಳಿಬಿಟ್ಟು ಕುಳಿತಳು. ಪೋಕರ್ ಬಂದವನು ಪರದೆ ನೋಡಿದ, ರಬ್ಬರು ನೋಡಲಿಲ್ಲ.

ಅರಂತೋಡು ದಾಟಿದ ಮೇಲಿನ ತಿರುವಿನಲ್ಲಿ ಲಾಕಿನ ನಾಲಗೆ ಜಾರಿತು. ಗಾಳಿ ಬಾಗಿಲನ್ನು ಎಳೆದುಕೊಂಡಿತು, ಅದಕ್ಕೆ ಒರಗಿದ್ದ ಪಾತುವೂ ಅದರ ಜೊತೆಗೇ ಹೋದಳು. ಪೋಕರ್ ಓಡಿ ಬಂದಾಗ ಅವಳು ಮೋರಿಯ ಕಲ್ಲಿನ ಪಕ್ಕ ಬಿದ್ದಿದ್ದಳು, ಕಿತ್ತಳೆಗಳು ರಸ್ತೆಯುದ್ದಕ್ಕೂ ಉರುಳಿದ್ದವು.

ಸುಳ್ಯದ ಆಸ್ಪತ್ರೆಯಲ್ಲಿ ಮರುದಿನ ಮಧ್ಯಾಹ್ನ ಅವಳು ಕಣ್ಣು ಬಿಟ್ಟಳು.

“ರಬ್ಬರು ತೆಗೆದದ್ದು ನಾನು. ಪರದೆಗೆ ಅಡ್ಡ ಬರ್ತಿತ್ತು. ತಪ್ಪು ನಂದೇ, ನೀವು ಬೇಜಾರು ಮಾಡಬೇಡಿ,” ಎಂದಳು.

ತಪ್ಪು ನಿನ್ನದಲ್ಲ, ಹೇಳದೆ ಬಿಟ್ಟ ನನ್ನದು ಎನ್ನಬೇಕಿತ್ತು. ಊರವರಿಗೆಲ್ಲ ಎಚ್ಚರ ಹೇಳುವ ಆ ಬಾಯಿಗೆ ಅಷ್ಟು ಹೇಳಲು ಆಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರಾಯಿತು ಎಂದುಕೊಂಡು ಅವಳ ಕೈ ಹಿಡಿದು ಕುಳಿತ. ಸಂಜೆಯ ಅಸರ್ ಬಾಂಗಿನ ಹೊತ್ತಿಗೆ ಪಾತು ಹೋದಳು. ತಪ್ಪು ತನ್ನದೇ ಎಂದು ನಂಬಿಕೊಂಡೇ ಹೋದಳು.

ಸಾವಿನ ನಲ್ವತ್ತನೆಯ ದಿನ ಕಳೆದ ಮೇಲೆ ಪೋಕರ್ ಪುತ್ತೂರಿನಿಂದ ಸುಳ್ಯದವರೆಗೆ ತಿರುಗಿ, ತಾನು ಕಟ್ಟಿದ ಒಂದೊಂದು ರಬ್ಬರನ್ನೂ ಬಿಚ್ಚಿ ತಂದ. ಕಾರಿನವರು ಬೈದರು, ಬೈಸಿಕೊಂಡ. ಗೌಡರು ಹೇಗೋ ಮಂಗಳೂರಿನಿಂದ ಲಾಕು ತರಿಸಿ ಹಾಕಿಸಿದರು. ಆ ಬಾಗಿಲು ಈಗ ನಿಜವಾಗಿಯೂ ಬೆರಳು ತಾಗಿಸಿದರೆ ಮುಚ್ಚಿಕೊಳ್ಳುತ್ತಿತ್ತು. ಆದರೂ ಯಾರೇ ಹತ್ತಲಿ, ಪೋಕರ್ ಇಳಿದು ಸುತ್ತಿ ಬಂದು, ಎಡಬಾಗಿಲಿನ ಹತ್ತಿರ ಬಗ್ಗಿ, ಇದಕ್ಕೆ ಒರಗಬೇಡಿ ಎಂದು ಎಚ್ಚರ ಹೇಳುತ್ತಿದ್ದ.

ಗೌಡರೇ ಒಮ್ಮೆ ಕೇಳಿದರು: “ಹೊಸ ಲಾಕು ಹಾಕಿ ನಾಲ್ಕು ವರ್ಷ ಆಯ್ತಲ್ಲ ಪೋಕರ್. ಇನ್ನೂ ಎಂತಕ್ಕೆ ಹೇಳುದು?”

“ಒಬ್ಬಳಿಗೆ ಹೇಳ್ಲಿಕ್ಕೆ ಬಾಕಿ ಉಂಟು ಗೌಡ್ರೆ,” ಎಂದ ಪೋಕರ್. ಆಮೇಲೆ ಬಾಗಿಲನ್ನು ಭುಜದಿಂದ ಇನ್ನೊಮ್ಮೆ ಒತ್ತಿ ನೋಡಿ, ಹೋಗಿ ತನ್ನ ಸೀಟಿನಲ್ಲಿ ಕುಳಿತ.