ಹದಿನಾಲ್ಕು ನಿಮಿಷದ ಹಠ

ಕಳೆದ ವರ್ಷದ ಬೇಸಿಗೆಯಲ್ಲಿ ನಾನು ಪುತ್ತೂರಿನ ನಾಲ್ಕು ಜನರ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದೆ. ತೋಟದ ಪಂಪನ್ನು ತಾನಾಗಿ ನಡೆಸುವ ಪೆಟ್ಟಿಗೆಗೆ ನಾವು ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಬರೆದದ್ದನ್ನು ಪೆಟ್ಟಿಗೆಗೆ ತುಂಬುವ ರೂಪಕ್ಕೆ ತರುವುದು ಬಿಲ್ಡ್. ಬಿಲ್ಡ್ ಮಾಡುವಾಗಲೇ ಓಡಿ ತಪ್ಪು ಹುಡುಕುವ ಪುಟ್ಟ ಪ್ರೋಗ್ರಾಮುಗಳು ಟೆಸ್ಟ್‌ಗಳು. ನಮ್ಮಲ್ಲಿ ಅವು ಸದಾ ಆಫ್. ಬೇಕಾದವರು ಆನ್ ಮಾಡಿಕೊಳ್ಳಬೇಕಿತ್ತು. ಟೆಸ್ಟ್‌ಗಳಿಗೆ ಹದಿನಾಲ್ಕು ನಿಮಿಷ ಬೇಕು, ನಮ್ಮ ಹಳೇ ಯುಪಿಎಸ್ ನಿಲ್ಲುವುದು ಹತ್ತೇ ನಿಮಿಷ. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರು.

ನಾನು ಡೈರಿಯಲ್ಲಿ ಲೆಕ್ಕ ಇಡುತ್ತಿದ್ದೆ. ಎರಡು ತಿಂಗಳಲ್ಲಿ ಮೂವತ್ತೊಂದು ಬಿಲ್ಡ್. ಟೆಸ್ಟ್ ಓಡಿದ್ದು ನಾಲ್ಕು ಸಲ.

ಮಾರ್ಚ್‌ನಲ್ಲಿ ಪೆರಾಬೆಯ ಕೃಷಿಕೆ ಯಮುನಕ್ಕ ಫೋನ್ ಮಾಡಿದರು. "ಬಾವಿಯಲ್ಲಿ ನೀರಿಲ್ಲ, ಪಂಪು ತಿರುಗ್ತಾ ಉಂಟು. ನಿಮ್ಮ ಪೆಟ್ಟಿಗೆಗೆ ಎಂತ, ನಿದ್ದೆಯಾ?"

ನೀರು ಮುಗಿದರೆ ಪಂಪು ನಿಲ್ಲಬೇಕು. ನಿಂತಿರಲಿಲ್ಲ. ಅವರು ಓಡಿಹೋಗಿ ಸ್ವಿಚ್ ಆರಿಸಿದ್ದರಿಂದ ಮೋಟಾರು ಸುಡದೆ ಉಳಿಯಿತು. ಆ ಬಿಲ್ಡ್ ಮಾಡಿದವಳು ನಾನೇ, ಟೆಸ್ಟ್ ಇಲ್ಲದೆ.

ತಪ್ಪು ತಿದ್ದಿದೆ. ಜೊತೆಗೆ ಇನ್ನೊಂದನ್ನೂ ಬದಲಿಸಿದೆ: ಟೆಸ್ಟ್‌ಗಳು ಯಾವಾಗಲೂ ಆನ್. ಬೇಡವೆನ್ನುವವರು ತಮ್ಮ ಹೆಸರು, ಕಾರಣ ಬರೆದು ಆಫ್ ಮಾಡಬೇಕು.

ಕಚೇರಿಯ ಯಜಮಾನ ರಮೇಶಣ್ಣನಿಗೆ ಅಂದೇ ಸಂಜೆಯೊಳಗೆ ಪೆರಾಬೆಗೂ ಕೆದಂಬಾಡಿಯ ಇನ್ನೊಂದು ತೋಟಕ್ಕೂ ಹೊಸ ಬಿಲ್ಡ್ ಹೋಗಬೇಕಿತ್ತು. ಟೆಸ್ಟ್ ಶುರುವಾಗಿ ಎರಡು ನಿಮಿಷಕ್ಕೆ ಕರೆಂಟ್ ಹೋಯಿತು, ಹನ್ನೆರಡನೇ ನಿಮಿಷಕ್ಕೆ ಯುಪಿಎಸ್ ಮುಗಿದು ಕಂಪ್ಯೂಟರೂ ಆರಿತು.

"ಆಫ್ ಮಾಡು ಮಾರಾಯ್ತಿ. ಒಂದು ಸಾಲು ತಿದ್ದಿದ್ದಕ್ಕೆ ಇಷ್ಟು ಮಡಿ ಎಂತಕ್ಕೆ?"

"ನಾನು ಮಾಡುದಿಲ್ಲ ಅಣ್ಣ. ಬೇಕಾದ್ರೆ ನಿಮ್ಮ ಹೆಸರು ಹಾಕಿ ನೀವೇ ಮಾಡಿ."

"ನಾಳೆಯಿಂದ ಬರುದು ಬೇಡ ಅಂದ್ರೆ?"

"ಬರುದಿಲ್ಲ. ಇವತ್ತು ಇದನ್ನು ಮುಗಿಸಿ ಹೋಗ್ತೇನೆ."

ಕರೆಂಟ್ ಬಂತು. ಅವರು ಕೀಬೋರ್ಡ್ ಎಳೆದುಕೊಂಡು ಹೆಸರಿನ ಮೊದಲ ಎರಡು ಅಕ್ಷರ ಒತ್ತಿದರು, ಅಳಿಸಿದರು, ಚಹಾ ಕುಡಿಯಲು ಹೋದರು. ಟೆಸ್ಟ್‌ಗಳು ಮತ್ತೆ ಓಡಿದವು. ಒಂದೂ ತಪ್ಪು ಸಿಗಲಿಲ್ಲ.

"ನೋಡು, ಎಂತದೂ ಇಲ್ಲ. ಸುಮ್ಮನೆ ಹೊತ್ತು ಹೋಯ್ತು," ಎಂದು ಅವರು ನಕ್ಕರು.

ನಾನು ಸೆಟ್ಟಿಂಗ್ ಬದಲಿಸಲಿಲ್ಲ. ಪೆರಾಬೆಗೆ ಹೋಗಿ ಪೆಟ್ಟಿಗೆಗೆ ಹೊಸ ಬಿಲ್ಡ್ ತುಂಬುವಾಗ ಯಮುನಕ್ಕ ಸೊಂಟಕ್ಕೆ ಕೈಯಿಟ್ಟು ಕೇಳಿದರು, "ಈ ಸಲವಾದ್ರೂ ನೋಡಿ ತಂದದ್ದಾ?"

"ಹೌದು ಅಕ್ಕ, ನೋಡಿಯೇ ತಂದದ್ದು."

ಆ ಹದಿನಾಲ್ಕು ನಿಮಿಷ ಹೋದದ್ದು ಈ ಒಂದು ಉತ್ತರಕ್ಕೆ. ಪರೀಕ್ಷಿಸುವವರು ಕಾರಣ ಹೇಳಬೇಕಾಗಿಲ್ಲ, ಪರೀಕ್ಷೆ ಬಿಡುವವರು ಹೇಳಲಿ. ನಾನು ಈಗಲೂ ಅದೇ ಕಚೇರಿಯಲ್ಲಿದ್ದೇನೆ, ಯುಪಿಎಸ್ಸೂ ಅದೇ. ಟೆಸ್ಟ್ ಆಫ್ ಮಾಡುವವರು ಹೆಸರು ಬರೆಯುವ ಜಾಗ ಇವತ್ತಿಗೂ ಖಾಲಿ.